ಹೊತ್ತಜ್ಜಿಯ ಮಂದೆ ದಾಟಿ ಹೋದ ಮಿಣುಕಿ

ಒಂದಾನೊಂದು ಕಾಲದಲ್ಲಿ ಅಂತ ಶುರು ಮಾಡ್ಬೇಕು, ಆದ್ರೆ ಇದು ಇನ್ನೂ ನಡೀತಾನೇ ಇರೋ ಕತೆ ಕಣೇ ಚಿತ್ತಕ್ಕ. ಸರ್ಕೋ ಅತ್ಲಾಗೆ, ಮಂಡಿ ಮೇಲೆ ಬೀಳ್ಬೇಡ. ಬೆಳಗಿಂದ ಕುರಿ ಹಿಂದೆ ಅಲೆದೂ ಅಲೆದೂ ನಿಮ್ಮಜ್ಜಿ ಕಾಲು ಕಟ್ಟಿಗೆಯಾಗಿದೆ. ನಡುವೆ ನಾನೇ ನಿದ್ದೆ ಹೋದ್ರೆ ತಿವಿದು ಎಬ್ಬಿಸು.

ಮೇಲೆ ಹಾಲು ಚೆಲ್ಲಿದ ಹಾಗೆ ಒಂದು ಹಾದಿ ಕಾಣುತ್ತಲ್ಲ, ಆ ಹಾಲುಹಾದಿಯಲ್ಲಿ ಹೊತ್ತಜ್ಜಿ ಅಂತ ಒಬ್ಬಳು ಕುರಿ ಕಾಯೋಳು ಇದ್ಲಂತೆ. ಅವಳೇ ಕಣೇ, ನಮಗೆ ಬಿಸಿಲು ಕೊಡೋ ಸೂರ್ಯ. ಅವಳಿಗೆ ಎಂಟು ಮಕ್ಕಳು, ಎಲ್ಲಾ ಅವಳ ಸುತ್ತಾನೇ ಸುತ್ತೋರಂತೆ. ಅವಳು ನಡುವೆ ಕಾಲು ಚಾಚಿ ಕೂತಿದಾಳೆ ಅಂದ್ಕೋತೀವಿ ನಾವು. ಎಲ್ಲಿಯ ಕೂರೋದು! ಮಕ್ಕಳು ಮರಿ ಎಲ್ಲ ಕಟ್ಕೊಂಡು ಅವಳೂ ಆ ಹಾದಿ ಸುತ್ತು ಹಾಕ್ತಾನೇ ಇದಾಳಂತೆ. ಎಷ್ಟು ದೊಡ್ಡ ಸುತ್ತು ಅಂದ್ರೆ, ಹೋದ ಸುತ್ತಲ್ಲಿ ಇಲ್ಲಿ ಹಾದು ಹೋದಾಗ ಮನುಷ್ಯರೇ ಹುಟ್ಟಿರ್ಲಿಲ್ಲವಂತೆ, ಬರೀ ದೊಡ್ಡ ದೊಡ್ಡ ಹಲ್ಲಿಗಳು ಓಡಾಡ್ಕೊಂಡಿದ್ವಂತೆ.

ಆ ಮಕ್ಕಳಲ್ಲಿ ಮೂರನೆಯವಳು ಭೂಮಕ್ಕ. ಅವಳಿಗೆ ಮೂರು ಹೆಣ್ಣುಮಕ್ಕಳು, ಇಲ್ಲಿಂದ ಆಕಾಶಕ್ಕೆ ಹಾರಿಸ್ತಾರಲ್ಲ ನೌಕೆ, ಅವೇ ಕಣೇ. ಮಂದೆ ಎಬ್ಬಿಸೋ ಮೊದ್ಲು ಹುಲ್ಲು ನೀರು ನೋಡ್ಕೊಂಡು ಬರೋಕೆ ನಾವು ಒಬ್ಬರನ್ನ ಮುಂದೆ ಕಳಿಸ್ತೀವಲ್ಲ, ಹಾಗೇ ಅವಳೂ ಮಕ್ಕಳ ಕೈಗೆ ಒಂದೊಂದು ಕುಡಿಕೆ ಕೆಂಡ ಕೊಟ್ಟು, ಮೇಲೆ ಬೂದಿ ಮುಚ್ಚಿ, ಕಳಿಸಿದ್ಲಂತೆ. ದೊಡ್ಡವಳು ಶನಿಮಾವನ ಬಳೆ ನೋಡೋಕೆ ಹೋಗಿ, ನೋಡ್ತಾ ನೋಡ್ತಾ ಅವನ ಮೋಡದೊಳಗೇ ಬಿದ್ದು ಕರಗಿ ಹೋದ್ಲಂತೆ. ಆಮೇಲೆ ನಡುವಿನವಳು ಮಂಗಳಮಾವನ ಕೆಂಪು ಹೊಲ ಸುತ್ತೋಕೆ ಹೋಗಿ, ಧೂಳು ಮೈಮೇಲೆ ಕವಿದು, ಅಲ್ಲೇ ಮಲಗಿಬಿಟ್ಲಂತೆ. ಅಯ್ಯೋ ಅನ್ಬೇಡ, ಅವರಿಗೆ ಮಾವನ ಮನೆಯಾದ್ರೂ ಸಿಕ್ತು. ಕಿರಿಯವಳು ಮಿಣುಕಿಯದೇ ಕಷ್ಟ.

ಮಿಣುಕಿ ದೂರದ ಮಾವಂದಿರನ್ನೆಲ್ಲ ಮಾತಾಡಿಸ್ಕೊಂಡು, ಅವರು ಬೆನ್ನಿಗೆ ಒಂದೊಂದು ತಳ್ಳು ಕೊಟ್ಟು ಕಳಿಸಿದ ಮೇಲೆ, ಮಂದೆಯೆಲ್ಲ ಹಿಂದಾಗಿ, ಹೊತ್ತಜ್ಜಿಯ ಉಸಿರೂ ತಾಕದ ಕಡೆ ಹೋದ್ಲಂತೆ. ಅಲ್ಲಿ ಹುಲ್ಲಿಲ್ಲ, ನೀರಿಲ್ಲ, ಒಂದು ನರಪಿಳ್ಳೆ ಇಲ್ಲ. ನಡೆದೂ ನಡೆದೂ ಹೈರಾಣಾದ್ಲು, ಕೆಂಡವೂ ಇಳೀತಾ ಬಂತು. ಮೊದ್ಲು ಕಣ್ಣು ಮುಚ್ಕೊಂಡ್ಲಂತೆ, ನೋಡೋಕೂ ಕೆಂಡ ಬೇಕು ಅಂತ. ಆಮೇಲೆ ಮೈ ಕಾಯಿಸ್ಕೊಳ್ಳೋದು ಬಿಟ್ಲಂತೆ. ಆಮೇಲೆ ಉಳಿದಿದ್ದು ಅಮ್ಮನ್ನ ಕೂಗೋಕೆ ಚೂರು ದನಿ, ಅಷ್ಟೇ.

ಈ ದನಿಯೂ ಹೋದ್ರೆ ನಾನು ತಪ್ಪಿಸ್ಕೊಂಡ ಮರಿ, ಯಾರಿಗೂ ಸೇರದವಳು ಅಂತ ಅವಳಿಗೆ ಭಯ. ಅಮ್ಮಾ, ನನಗೆ ಸಾಕಾಗಿದೆ, ನೀವೆಲ್ಲ ಅಲ್ಲೇ ನಿಲ್ಲಿ, ವಾಪಸ್ ಬಂದುಬಿಡ್ತೀನಿ ಅಂತ ಕೂಗಿದ್ಲಂತೆ. ಕೂಗು ಮುಟ್ಟೋಕೇ ಒಂದು ದಿನ ಹಿಡಿಯುತ್ತೆ, ಉತ್ತರ ಬರೋಕೆ ಇನ್ನೊಂದು ದಿನ. ಕಾದ್ಲು ಪಾಪ. ಭೂಮಕ್ಕ ಅಂದ್ಲಂತೆ, ನಿಲ್ಲೋಕಾಗಲ್ಲ ಮಗಳೇ, ನಾವು ಹಾಕೋ ಸುತ್ತಿನ ನಡುಮಧ್ಯೆ ಕಪ್ಪು ಹೊಂಡ ಇದೆ, ನಿಮ್ಮಜ್ಜಿ ನಿಂತ್ರೆ ಮಂದೆಯೆಲ್ಲ ಅದರ ಕಡೆಗೇ ಜಾರುತ್ತೆ. ನೀನು ಹೊರಟಾಗ ನಾವಿದ್ದ ಜಾಗದಲ್ಲಿ ಈಗ ಯಾರೂ ಇಲ್ಲ.

ಮಿಣುಕಿಗೆ ಕೋಪ ಬಂತು. ಬರದೆ ಇರುತ್ತಾ? ಹೆತ್ತವಳೇ ನಿಲ್ಲಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ? ಹಾಗಾದ್ರೆ ನಾನೂ ನಡಿಯಲ್ಲ ಅಂತ ಕೋಲು ಬಿಸಾಕಿ ದೊಪ್ಪಂತ ಕೂತ್ಕೊಂಡ್ಲಂತೆ. ಅತ್ಲು, ಅತ್ಲು, ಅಳೋಕೂ ಆಯಾಸವಾಗಿ ಸುಮ್ಮನಾದ್ಲು. ಆಮೇಲೆ ಅಮ್ಮ ಮತ್ತೆ ಕೂಗಿದ್ದು ಕೇಳಿಸ್ತಂತೆ, ಅದೂ ಮೊದಲಿನ ದಿಕ್ಕಿಂದಲೇ. ಇವಳು ನಿಜವಾಗಿ ನಿಂತಿದ್ರೆ ಮಂದೆ ಮುಂದೆ ಹೋಗಿ ದನಿ ಪಕ್ಕಕ್ಕೆ ಸರೀಬೇಕಿತ್ತಲ್ಲ? ಒಂಚೂರೂ ಸರಿದಿರ್ಲಿಲ್ಲ.

ಇದೇನಮ್ಮ ಹೀಗೆ, ಕೂತಿದೀನಲ್ಲ ನಾನು, ಅಂದ್ಲಂತೆ. ಭೂಮಕ್ಕ ಅಂದ್ಲಂತೆ, ನೀನು ನಡೆಯೋ ಮಂದೇಲಿ ಹುಟ್ಟಿದವಳು ಕಣವ್ವ, ನಿನ್ನ ಎತ್ತಿ ಕಳಿಸ್ದಾಗ ನಾನೂ ನಡೀತಾನೇ ಇದ್ದೆ, ಆ ನಡಿಗೆ ನಿನ್ನ ಮೈಯಲ್ಲೇ ಇದೆ. ಅದಕ್ಕೆ ಕೆಂಡ ಬೇಡ, ಕಾಲೂ ಬೇಡ. ನೀನು ಕೂತ್ರೂ, ಮಲಗಿದ್ರೂ, ನಾವು ಸುತ್ತೋ ಹಾದೀನೇ ನೀನೂ ಸುತ್ತುತೀಯ, ಒಂಚೂರು ದೂರದಲ್ಲಿ ಅಷ್ಟೇ. ಸಾಕು ಮಾಡು ಮಗಳೇ, ಮಲ್ಕೋ.

ಮಲ್ಕೋಬಹುದಾ ಅಮ್ಮ, ಅಂದ್ಲಂತೆ ಮಿಣುಕಿ. ಅದೇ ಅವಳ ಕೊನೇ ಮಾತು. ಉಳಿದ ಕೆಂಡ ಆರೋಕೆ ಬಿಟ್ಟು, ಹೊರಟ ದಿನದಿಂದ ಇಲ್ಲದ ನಿದ್ದೆ ಮಾಡಿದ್ಲಂತೆ.

ವಾಪಸ್ ಬರ್ತಾಳಾ ಅಂತೀಯ? ಇಲ್ಲ ಕಣೇ ಚಿತ್ತಕ್ಕ, ಸುಳ್ಳು ಯಾಕೆ ಹೇಳ್ಲಿ, ಬರಲ್ಲ. ಭೂಮಕ್ಕ ಕೂಗ್ತಾನೇ ಇದ್ಲು ಕೆಲವು ದಿನ, ಉತ್ತರ ಬರ್ಲಿಲ್ಲ, ಅತ್ಲು. ಆಮೇಲೆ ಕಣ್ಣೊರೆಸ್ಕೊಂಡು ನಡೆದ್ಲಂತೆ. ಮಗಳನ್ನ ಬಿಟ್ಟು ಹೋಗ್ತಿದೀನಿ ಅಂತ ಅವಳಿಗೆ ಅನ್ನಿಸ್ಲೇ ಇಲ್ಲವಂತೆ, ತಾನು ನಡೆದಷ್ಟೂ ಮಿಣುಕಿಯೂ ಜೊತೆಲೇ ಬರ್ತಿದ್ಲಲ್ಲ, ನಿದ್ದೇಲೇ.

ಅಲ್ಲಿಗೆ ಕತೆ ಕಂಬಳಿ ಹೊದ್ಕೊಂತು. ನೀನೂ ಹೊದ್ಕೋ.