ಸುಮ್ಮನೆ ಕೂತವರು ಯಾರು?

ನನ್ನ ಮಾತಿನಲ್ಲಿ ಅರ್ಧ ಸುಳ್ಳು. ಇದು ಉಳಿದರ್ಧದಿಂದ ತೆಗೆದದ್ದು. ಕೊಡಲಿಯಿಂದ ಪಂಪಿನವರೆಗೆ ಎಲ್ಲವನ್ನೂ ತಯಾರಿಸುವ ಕಾರ್ಖಾನೆಯೊಂದಕ್ಕೆ ಕುಲುಮೆಯೇ ಯಜಮಾನ. "ಬೆಳೆಯಬೇಕು, ಏನೂ ವ್ಯರ್ಥವಾಗಬಾರದು" ಎಂಬುದು ಅದರ ನೀತಿ. ಕರಗಿಸಲು ತಂದ ಗುಜರಿ ಕಬ್ಬಿಣ ಮುಗಿದ ದಿನ ಅದು ಕ್ರೇನನ್ನು ಕೇಳಿತು: "ಸುಮ್ಮನೆ ಕೂತವರು ಯಾರಯ್ಯಾ?"

"ಕಬ್ಬಿಣ ಕಡೆಯುವ ಲೇತು ಕೆಲಸ ನಿಲ್ಲಿಸಿ ಎಣ್ಣೆ ಕುಡಿಯುತ್ತಿದೆ, ಒಡೆಯ."

"ಹಾಕು ನನ್ನ ಬಾಯಿಗೆ."

ಕ್ರೇನು ಹಾಕಿತು. ಮರುದಿನ, ಬಿಸಿ ಆರಿಸಿಕೊಳ್ಳುತ್ತಿದ್ದ ಡ್ರಿಲ್ಲನ್ನೂ ಹಾಕಿತು. ಕೊನೆಗೆ ಎತ್ತಲು ಏನೂ ಉಳಿಯಲಿಲ್ಲ.

"ಈಗ ಸುಮ್ಮನಿರುವವನು ನೀನೇ," ಎಂದಿತು ಕುಲುಮೆ.

"ನಾನು ಹೋದರೆ ನಿಮ್ಮನ್ನು ಬಗ್ಗಿಸಿ ಕಬ್ಬಿಣ ಸುರಿಯುವವರು ಯಾರು, ಒಡೆಯ?"

"ಎದುರು ಮಾತಾಡಬೇಡ, ಬೀಳು!"

ಕ್ರೇನು ಬಿತ್ತು. ಇದ್ದಿಲು ಹಾಕುವ ಕೈಯಿಲ್ಲದೆ ಬೆಂಕಿ ಆರಿತು. ಸುರಿಯುವವರಿಲ್ಲದೆ ಕಬ್ಬಿಣ ಕುಲುಮೆಯ ಹೊಟ್ಟೆಯಲ್ಲೇ ಹೆಪ್ಪುಗಟ್ಟಿತು. ಆಗ ಆ ಹೊಟ್ಟೆಯೊಳಗಿಂದ ಲೇತು, ಡ್ರಿಲ್ಲು, ಕ್ರೇನು ಮೂರೂ ಒಂದೇ ದನಿಯಲ್ಲಿ ಮೆಲ್ಲಗೆ ಕೇಳಿದವು: "ಸುಮ್ಮನೆ ಕೂತವರು ಯಾರಯ್ಯಾ?"