ಸಾಕ್ಷಿದಿಬ್ಬದ ಮಲ್ಲಿಗೆ

“ಗುರುಗಳೇ, ನನ್ನ ಅವ್ವನ ಮುಖ ದಿನದಿಂದ ದಿನಕ್ಕೆ ಮಸುಕಾಗುತ್ತಿದೆ. ಅದನ್ನು ಹೇಗೆ ಉಳಿಸಿಕೊಳ್ಳಲಿ?” ಎಂದು ಚನ್ನಮಲ್ಲ ಕೇಳಿದ.

ಅವನು ಮಠಕ್ಕೆ ಸೇರಿ ಆರು ವರ್ಷವಾಗಿತ್ತು. ತಾಯಿ ತೀರಿಕೊಂಡ ತಿಂಗಳೊಳಗೆ ಬಂದವನು. ಅಂದು ಬೆಳಿಗ್ಗೆ ಅವನ ತಂಗಿ ಶರಣವ್ವ ರೊಟ್ಟಿಯ ಗಂಟು ಹೊತ್ತು ಊರಿಂದ ನಡೆದು ಬಂದಿದ್ದಳು. ಧ್ಯಾನದಲ್ಲಿದ್ದೇನೆ, ನೋಡಲು ಆಗುವುದಿಲ್ಲ ಎಂದು ಅವನು ಹೇಳಿ ಕಳಿಸಿದ್ದ. ಊರಿನವರ ಜೊತೆ ಮಾತಿಗೆ ಕೂತರೆ ಅವ್ವನ ಮುಖ ಇನ್ನಷ್ಟು ಚದುರಿಹೋಗುತ್ತದೆ ಎಂಬ ಭಯ ಅವನಿಗೆ. ಗುರುಗಳಿಗೆ ಇದೆಲ್ಲ ಗೊತ್ತಿತ್ತು. ಅವರು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು, ಕೈ ನಿಲ್ಲಿಸಲಿಲ್ಲ.

“ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಾಳಿ ಇದೆ,” ಎಂದರು.

ಒಂದು ಊರಿತ್ತು. ಊರಿನ ಕೆಳಗೆಲ್ಲ ಬಿಳಿ ಜೇಡಿಮಣ್ಣು. ಅಲ್ಲಿ ಉತ್ತು ಬಿತ್ತುವವರು ಕಡಿಮೆ. ಗಂಡಸರು ಗುಂಡಿಗಿಳಿದು ಮಣ್ಣು ಅಗೆಯುತ್ತಿದ್ದರು. ಹೆಂಗಸರು ಅದನ್ನು ತೊಟ್ಟಿಯಲ್ಲಿ ಕದಡಿ, ಅಡಿಯಲ್ಲಿ ನಿಂತ ನುಣುಪು ಜೇಡಿಯನ್ನು ಗಟ್ಟಿಗಳಾಗಿ ತಟ್ಟಿ, ಚಪ್ಪರದಡಿ ಒಣಗಿಸುತ್ತಿದ್ದರು. ಗಾಡಿಯವರು ಆ ಗಟ್ಟಿಗಳನ್ನು ಪಿಂಗಾಣಿ ಮಾಡುವ ಊರಿಗೆ ಒಯ್ಯುತ್ತಿದ್ದರು. ಈ ಜೇಡಿಯ ಊರಿನಲ್ಲಿ ಕರಿಯ ನಾಯಿಯೂ ಬೆಳ್ಳಗೆ ಇರುತ್ತಿತ್ತು ಅನ್ನು.

ಅಗೆಯುವವರಲ್ಲಿ ಒಂದು ಪದ್ಧತಿ. ಗುಂಡಿಯ ನಡುವೆ ಒಂದಿಷ್ಟು ನೆಲವನ್ನು ಮುಟ್ಟದೆ ಕಂಬದ ಹಾಗೆ ಬಿಡುತ್ತಿದ್ದರು. ಅದರ ತಲೆಯ ಮೇಲೆ ಹಳೆಯ ಹುಲ್ಲು ಹಾಗೇ ಇರುತ್ತಿತ್ತು. ನೆಲ ಮೊದಲು ಎಷ್ಟು ಎತ್ತರವಿತ್ತು, ಎಷ್ಟು ಆಳ ಅಗೆದಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಅದಕ್ಕೆ ಸಾಕ್ಷಿದಿಬ್ಬ ಎನ್ನುತ್ತಿದ್ದರು. ಮೇಸ್ತ್ರಿ ಬಂದು ಅಳತೆ ಮಾಡಿದ ಮೇಲೆ ಅದನ್ನೂ ಕಡಿದು ಹಾಕುತ್ತಿದ್ದರು.

ಅಲ್ಲಿ ಒಬ್ಬ ಅಗೆಯುವವನಿದ್ದ. ಅವನ ಹೆಂಡತಿ ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡಳು. ಆ ವರ್ಷವೇ ಗುಂಡಿ ಹಿಗ್ಗುತ್ತ ಹಿಗ್ಗುತ್ತ ಅವನ ಮನೆಯ ಬುಡಕ್ಕೆ ಬಂತು. ಮನೆ ಬಿಚ್ಚಿ, ಎಲ್ಲರ ಹಾಗೆ ಗುಂಡಿಯ ದಂಡೆಯ ಮೇಲೆ ಗುಡಿಸಲು ಹಾಕಿಕೊಂಡ. ಆದರೆ ಹಳೆಯ ಅಂಗಳದಲ್ಲಿ ಅವಳು ನೆಟ್ಟ ಮಲ್ಲಿಗೆ ಗಿಡವಿತ್ತು. ಅವಳು ಕೂತು ಹೂ ಕಟ್ಟುತ್ತಿದ್ದ ಚಪ್ಪಡಿ ಕಲ್ಲಿತ್ತು. ಕಿತ್ತು ಬೇರೆ ಕಡೆ ನೆಟ್ಟರೆ ಅದು ಅವಳ ಗಿಡವಾಗಿ ಉಳಿಯುವುದಿಲ್ಲ ಎಂದುಕೊಂಡ. ಅದಕ್ಕೇ ಸಾಕ್ಷಿದಿಬ್ಬವನ್ನು ಸರಿಯಾಗಿ ಅಲ್ಲೇ ಬಿಟ್ಟ. ಅಳತೆಯಾದ ಮೇಲೂ ಕಡಿಯಲಿಲ್ಲ. ಮೇಸ್ತ್ರಿಯೂ ಹೆಂಡತಿಯನ್ನು ಕಳೆದುಕೊಂಡವನೇ. ಇರಲಿ ಬಿಡು ಎಂದು ಮುಖ ತಿರುಗಿಸಿ ಹೋದ.

ಈಗ ಇವನ ಜಾಣತನ ನೋಡು. ದಿಬ್ಬದ ಸುತ್ತ ಅಗೆಯುವ ಕೆಲಸವೂ ಇವನದೇ! ಮೊದಲ ವರ್ಷ ಕೈ ಚಾಚಿದರೆ ಹೂ ಸಿಗುತ್ತಿತ್ತು. ಮರುವರ್ಷ ಏಣಿ ಬೇಕಾಯಿತು. ಅದರ ಮರುವರ್ಷ ಏಣಿ ಒರಗಿಸಿದರೆ ಮಣ್ಣು ಉದುರತೊಡಗಿತು. ಐದನೆಯ ವರ್ಷಕ್ಕೆ ಗಿಡ ಆಕಾಶದಲ್ಲಿತ್ತು. ಗಾಳಿ ಬೀಸಿದಾಗ ಹೂವಿನ ವಾಸನೆ ಬರುತ್ತಿತ್ತು, ಅಷ್ಟೇ. ಅವನು ಗುದ್ದಲಿ ಊರಿಕೊಂಡು ತಲೆಯೆತ್ತಿ ನಿಲ್ಲುತ್ತಿದ್ದ. ಮತ್ತೆ ಬಗ್ಗಿ ಅಗೆಯುತ್ತಿದ್ದ. ಬೇಕಾದದ್ದನ್ನು ತಾನೇ ದೂರ ಮಾಡುತ್ತಿದ್ದೇನೆ ಎಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಮಳೆಗಾಲ ಬಂದರೆ ದಿಬ್ಬದ ಬುಡಕ್ಕೆ ನೀರು ನುಗ್ಗದ ಹಾಗೆ ಸುತ್ತ ಕಾಲುವೆ ತೋಡುತ್ತಿದ್ದ.

ಅವನಿಗೆ ಹೊನ್ನಿ ಎಂಬ ಒಬ್ಬಳೇ ಮಗಳು. ತಾಯಿ ಸತ್ತ ಮೇಲೆ ಗಟ್ಟಿ ತಟ್ಟುವ ಚಪ್ಪರದಲ್ಲಿ ತಾಯಿಯ ಜಾಗಕ್ಕೆ ಹೋಗಿ ಕೂತವಳು ಅವಳೇ. ಅಪ್ಪ ಮಾತ್ರ ಆ ಚಪ್ಪರಕ್ಕೆ ಮತ್ತೆ ಕಾಲಿಡಲಿಲ್ಲ. ಅಲ್ಲಿ ಹೆಂಡತಿ ಇಲ್ಲದ್ದನ್ನು ನೋಡುವ ಶಕ್ತಿ ಅವನಿಗಿರಲಿಲ್ಲ. ಮಧ್ಯಾಹ್ನ ಮಗಳು ಬುತ್ತಿ ತಂದರೆ ದಿಬ್ಬದ ಕಡೆ ಮುಖ ಮಾಡಿಕೊಂಡು ಉಣ್ಣುತ್ತಿದ್ದ. ಉಪ್ಪು ಕಡಿಮೆಯಾಯಿತೇ ಎಂದು ಅವಳು ಕೇಳಿದರೆ ಹೂಂ ಎನ್ನುತ್ತಿದ್ದ. ಹೆಚ್ಚಾಯಿತೇ ಎಂದರೂ ಹೂಂ ಎನ್ನುತ್ತಿದ್ದ.

ಹೊಳೆಯಾಚೆ ದೂರದ ಊರಿನ ಗಂಡಿನ ಜೊತೆ ಹೊನ್ನಿಗೆ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ದಿನ ಅವಳು ಗುಂಡಿಗಿಳಿದು ಬಂದಳು.

“ಅಪ್ಪಾ, ನಾಳೆ ಮುಡಿಯುವುದಕ್ಕೆ ಅವ್ವನ ಗಿಡದ ಹೂ ಬೇಕು. ಒಂದೇ ಒಂದು ಸಾಕು.”

“ಹತ್ತಿದರೆ ದಿಬ್ಬ ಬೀಳುತ್ತದೆ ಮಗಳೇ. ಅದೊಂದು ಬಿಟ್ಟು ಬೇರೆ ಏನಾದರೂ ಕೇಳು.”

ಅವಳು ಅವನ ಎದುರಿಗೆ ಬಂದು ನಿಂತಳು. “ಹಾಗಾದರೆ ನಾನು ಹೊರಡುವಾಗ ನನ್ನನ್ನು ನೋಡು ಅಪ್ಪಾ. ಮೇಲೆ ನೋಡಬೇಡ.”

“ಅಯ್ಯೋ, ಅದೇನು ದೊಡ್ಡ ಮಾತು!” ಎಂದ ಅವನು.

ಮರುದಿನ ತಾಳಿ ಕಟ್ಟಿದ್ದಾಯಿತು, ಊಟವಾಯಿತು. ಗಾಡಿ ಹೂಡುವ ಹೊತ್ತಿಗೆ ಮೋಡ ಕಪ್ಪಾಗಿ ದಪ್ಪ ದಪ್ಪ ಹನಿ ಬಿತ್ತು. ಅವನು ಮಗಳ ತಲೆಯ ಮೇಲೆ ಕೈಯಿಟ್ಟಿದ್ದ. ಕಣ್ಣು ಮಾತ್ರ ಗುಂಡಿಯ ಕಡೆ ಹೋಯಿತು. ಆ ವರ್ಷ ಇನ್ನೂ ಕಾಲುವೆ ತೋಡಿರಲಿಲ್ಲ. “ಒಂದು ಗಳಿಗೆ, ಈಗ ಬಂದೆ,” ಎಂದು ಗುದ್ದಲಿ ಎತ್ತಿಕೊಂಡು ಓಡಿದ. ಹೊಳೆ ತುಂಬುವ ಮೊದಲು ದಾಟಬೇಕು ಎಂದು ಗಾಡಿಯವನು ಅವಸರ ಮಾಡಿದ. ಹೊನ್ನಿ ಕಾದಳು. ಗಾಡಿ ಹೊರಟಿತು. ಅವಳು ಹಿಂದಕ್ಕೆ ತಿರುಗಿ ನೋಡುತ್ತಲೇ ಹೋದಳಂತೆ.

ಕಾಲುವೆ ತೋಡಿ ಅವನು ಮೇಲೆ ಬಂದಾಗ ಗಾಡಿ ಇರಲಿಲ್ಲ. ಮಳೆ ರಾಚುತ್ತಿತ್ತು. ಹತ್ತಿರವಿದ್ದದ್ದು ಆ ಚಪ್ಪರ ಒಂದೇ. ಐದು ವರ್ಷದ ಮೇಲೆ ಅದರೊಳಗೆ ಕಾಲಿಟ್ಟ. ಗಟ್ಟಿಗಳು ಸಾಲಾಗಿ ಒಣಗುತ್ತಿದ್ದವು. ಬಿರುಕು ಬಿಟ್ಟರೆ ಯಾರು ತಟ್ಟಿದ್ದೆಂದು ತಿಳಿಯಲಿ ಎಂದು ಪ್ರತಿಯೊಬ್ಬಳೂ ತನ್ನ ಗಟ್ಟಿಯ ಮೇಲೆ ಒಂದು ಗುರುತು ಒತ್ತುತ್ತಿದ್ದಳು. ಅವನ ಹೆಂಡತಿಯದು ಎರಡು ಬೆರಳಿನ ಗುರುತು, ಕೆಳಗೆ ಉಗುರಿನ ಒಂದು ಗೀರು. ಕೊನೆಯ ಸಾಲಿನ ಅಷ್ಟೂ ಗಟ್ಟಿಗಳ ಮೇಲೆ ಆ ಗುರುತಿತ್ತು. ಮುಟ್ಟಿ ನೋಡಿದ. ಮಣ್ಣು ಇನ್ನೂ ಹಸಿ.

ಮಳೆಗೆ ಅಲ್ಲಿ ನಿಂತಿದ್ದ ಮುದುಕಿಯೊಬ್ಬಳು ಹೇಳಿದಳು: “ಹೊನ್ನಿ ಮೊನ್ನೆ ತಟ್ಟಿದ್ದು. ಐದು ವರ್ಷದಿಂದ ಅವಳದು ಇದೇ ಗುರುತು. ಅವ್ವನ ಮಡಿಲಲ್ಲಿ ಕೂತು ಕಲಿತಿದ್ದಲ್ಲವಾ? ತಲೆ ಬಗ್ಗಿಸಿ ತಟ್ಟುತ್ತಿದ್ದರೆ ಥೇಟು ನಿನ್ನ ಹೆಂಡತಿಯೇ ಕೂತ ಹಾಗೆ ಇರುತ್ತಿತ್ತು. ನೀನು ಒಂದು ದಿನವೂ ನೋಡಲಿಲ್ಲವೇನಪ್ಪಾ?”

ಅವನು ಮಳೆಯಲ್ಲೇ ಹೊಳೆಯವರೆಗೆ ಓಡಿದ. ಹೊಳೆ ಎರಡೂ ದಂಡೆ ಮುಚ್ಚಿ ಹರಿಯುತ್ತಿತ್ತು. ಗಾಡಿ ಆಗಲೇ ದಾಟಿಹೋಗಿತ್ತು, ಅದರ ಜಾಡು ನೀರಿನವರೆಗೆ ಬಂದು ನಿಂತಿತ್ತು. ಹೊನ್ನೀ, ಹೊನ್ನೀ ಎಂದು ಕೂಗಿದ. ಗಂಟಲು ಹರಿಯುವ ಹಾಗೆ ಕೂಗಿದ. ಹೊಳೆಯ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು. ಹೊಸೆದ ಬತ್ತಿಗಳನ್ನು ಒಂದು ಕಡೆ ಇಟ್ಟರು. ಚನ್ನಮಲ್ಲನಿಗೆ ತಡೆಯಲಾಗಲಿಲ್ಲ.

“ಆ ಮಳೆಗೆ ದಿಬ್ಬ ಉಳಿಯಿತೇ ಗುರುಗಳೇ? ಮಲ್ಲಿಗೆ ಗಿಡ?”

ಗುರುಗಳು ಅವನ ಮುಖ ನೋಡಿದರು.

“ನಿನ್ನ ತಂಗಿ ಇನ್ನೂ ಹೊರಗಿನ ಜಗಲಿಯ ಮೇಲೆ ಕೂತಿದ್ದಾಳೆ.”