ಪೈನ್ ಮರ ಮುಷ್ಟಿ ಬಿಗಿದದ್ದು

ನಿಯಮ ಇದ್ದದ್ದು ಒಂದೇ. ಬೀಜದಲ್ಲಿ ಮೊದಲ ಪಾಲು ನೆಲದ್ದು. ಅದು ನೆಲಕ್ಕೆ ಬೀಳುವ ಮೊದಲು ಯಾರೂ ಬಾಯಿ ಹಾಕಬಾರದು.

ಆ ಸ್ಕ್ರೂಡ್ರೈವರ್ ಕೆಳಗಿಡು, ಇಂಚರಾ. ನಿನ್ನ ಅತ್ತೆ ಉತ್ತರದ ಚಳಿನಾಡಿನ ಕಾಡಿನಲ್ಲಿ ಸಂಶೋಧನೆ ಮುಗಿಸಿ ಬರುವಾಗ ತಂದ ಪೈನ್ ಕಾಯಿ, ನೀನು ಮೀಟುತ್ತಿರುವುದು. ಹಾಗೆಲ್ಲ ಬಿಚ್ಚಿಕೊಳ್ಳುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸರಿಯಾಗಿ ಕೂತು ಕೇಳು.

ಭೂಮಿ ಇನ್ನೂ ಹೊಸದು. ಉತ್ತರದಲ್ಲಿ ಮಂಜುಗಡ್ಡೆ ಆಗಷ್ಟೇ ಹಿಂದೆ ಸರಿದು, ಒದ್ದೆ ನೆಲ ಮೊದಲ ಸಲ ಬಿಸಿಲು ಕಂಡಿತ್ತು. ಗಾಳಿ, ನದಿ, ಹಕ್ಕಿ, ಅಳಿಲು ಎಲ್ಲರೂ ನೆಲದ ಮುಂದೆ ನಿಂತು ನಿಯಮಕ್ಕೆ ಒಪ್ಪಿದರು. ಯಾರೂ ಬಲವಂತ ಮಾಡಿರಲಿಲ್ಲ. ಇದನ್ನು ನೆನಪಿಟ್ಟುಕೋ.

ಆಗ ಪೈನ್ ಕಾಯಿಗಳು ಅಂಗೈಯ ಹಾಗೆ ಬಿಚ್ಚಿಕೊಂಡೇ ಇರುತ್ತಿದ್ದವು.

ಮೊದಲು ಮಾತು ತಪ್ಪಿದ್ದು ಅಳಿಲು. ಚಳಿಗಾಲ ದೊಡ್ಡದು, ಮನೆಯಲ್ಲಿ ಮರಿಗಳಿವೆ ಎಂದು ಕೊಂಬೆಯಿಂದಲೇ ಕಿತ್ತಿತು. ಅಳಿಲು ಕಿತ್ತಿತಲ್ಲ ಎಂದು ಹಕ್ಕಿ ಕಿತ್ತಿತು. ಹಕ್ಕಿ ಕಿತ್ತಿತಲ್ಲ ಎಂದು ಗಾಳಿ ಕಿತ್ತಿತು. ಗಾಳಿಗೆ ಹಸಿವೂ ಇಲ್ಲ. ಬೀಜಗಳನ್ನು ನದಿಯ ಮೇಲೆ ತೂರಿ ಆಟ ನೋಡಿತು. ನದಿ, ತಾನೇನು ಕಿತ್ತವಳಲ್ಲವಲ್ಲ ಎಂದು ಸಾಗಿಸಿಕೊಂಡು ಹೋಯಿತು.

ಕಾವಲಿಗೆ ಗೂಬೆಯನ್ನು ಇಟ್ಟಿದ್ದರು. ಬೀಜ ತಿಂದು ಕೊಬ್ಬಿದ ಅಳಿಲು ಗೂಬೆಗೆ ಒಳ್ಳೆಯ ಊಟ. ಅದು ಹಗಲೆಲ್ಲ ಕಣ್ಣು ಮುಚ್ಚಿ ಕೂತು, ತನಗೇನೂ ಕಾಣಿಸಲಿಲ್ಲ ಎಂದಿತು.

ನೆಲ ಕಾಯಿತು. ಕಾದೇ ಕಾಯಿತು. ಒಂದು ಬೀಜವೂ ಬೀಳಲಿಲ್ಲ. ಹಳೆಯ ಮರಗಳು ಒಂದೊಂದಾಗಿ ಒರಗಿದವು, ಬುಡದಲ್ಲಿ ಒಂದು ಸಸಿಯಿಲ್ಲ. ಕೊನೆಗೆ ಉಳಿದದ್ದು ಒಂದೇ ಪೈನ್, ಮೈಯೆಲ್ಲ ಗಂಟಾದ ಮುದುಕಿ. ಅವಳ ಮೈಮೇಲೆ ಕೊನೆಯ ಫಸಲು.

"ಏನಜ್ಜಿ, ಈ ಸಲ ಜೋರಾಗಿ ಕಾಯಿ ಬಿಟ್ಟಿದ್ದೀಯ," ಎನ್ನುತ್ತ ಅಳಿಲು ಹತ್ತಿತು.

"ನೆಲದ ಪಾಲು?" ಎಂದಳು ಮುದುಕಿ.

"ನಾನೊಬ್ಬ ಬಿಟ್ಟರೆ ನೆಲಕ್ಕೆ ಸಿಗುತ್ತಾ? ಹಕ್ಕಿ ತಿನ್ನುತ್ತೆ. ನಿನಗ್ಯಾಕಜ್ಜಿ ಇಷ್ಟು ತಲೆಬಿಸಿ, ಮುಂದಿನ ವರ್ಷ ಮತ್ತೆ ಬಿಡ್ತೀಯ."

ಎಲ್ಲರದ್ದೂ ಅದೇ ಮಾತು. ಹಕ್ಕಿ ಗಾಳಿಯನ್ನು ತೋರಿಸಿತು, ಗಾಳಿ ಹಕ್ಕಿಯನ್ನು. ಗೂಬೆಯಂತೂ ವಿಚಾರಿಸೋಣ, ಆತುರ ಬೇಡ ಎಂದು ಮತ್ತೆ ಕಣ್ಣು ಮುಚ್ಚಿತು.

ಮುದುಕಿಗೆ ಸಿಟ್ಟು ಬೇರಿನಿಂದ ಏರಿತು. ಕೂಗಾಡಲಿಲ್ಲ. ಮೈಯ ಅಂಟನ್ನೆಲ್ಲ ಕೊಂಬೆಗಳಿಗೆ ಹರಿಸಿ, ಬಿಚ್ಚಿದ್ದ ಒಂದೊಂದು ಕಾಯಿಯನ್ನೂ ಮುಷ್ಟಿಯಂತೆ ಮುಚ್ಚಿ ಅಂಟಿಸಿದಳು. ಅಳಿಲಿನ ಹಲ್ಲು ಅಂಟಿನಲ್ಲಿ ಸಿಕ್ಕಿಕೊಂಡಿತು. ಹಕ್ಕಿಯ ಕೊಕ್ಕು ಸೊಟ್ಟಗಾಯಿತು. ಗಾಳಿ ಅಲುಗಾಡಿಸಿ ಸುಸ್ತಾಯಿತು. ಎಂಥ ಜಿಪುಣಿ, ಎಂಥ ಕಲ್ಲುಮನಸ್ಸು ಎಂದು ಎಲ್ಲರೂ ಬೈದರು. ಕದ್ದವರು ಬೈದರು, ನೋಡು.

ಆ ಬೇಸಿಗೆ ಸಿಡಿಲು ಬಡಿದು ಬೆಂಕಿ ಹುಟ್ಟಿತು. ಎಲ್ಲರೂ ನದಿ ದಾಟಿ ಓಡಿದರು. ಆಚೆ ದಡದಿಂದ ಅಳಿಲು ಕೂಗಿತು: "ಅಜ್ಜಿ, ಹೇಗೂ ಸುಟ್ಟುಹೋಗುತ್ತೆ, ಈಚೆಗಾದರೂ ಎಸಿ!"

ಮುದುಕಿ ಎಸೆಯಲಿಲ್ಲ.

ಬೆಂಕಿ ಅವಳ ಬುಡಕ್ಕೆ ಬಂದು ನಿಂತಿತು. "ನಿಮ್ಮ ನಿಯಮಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ," ಎಂದಿತು. "ನಾನು ಸಿಕ್ಕಿದ್ದೆಲ್ಲ ತಿನ್ನುವವನು. ಆದರೆ ತಿಂದ ಮೇಲೆ ಬೂದಿಯನ್ನು ನೆಲಕ್ಕೇ ಕೊಡುತ್ತೇನೆ."

"ಹಾಗಾದರೆ ನೀನೇ ವಾಸಿ. ಬಾ," ಎಂದಳು ಮುದುಕಿ.

ಬೆಂಕಿ ಏರಿತು, ಅಂಟು ಕರಗಿತು. ಸುತ್ತ ಒಂದು ಹಲ್ಲಿಲ್ಲ, ಒಂದು ಕೊಕ್ಕಿಲ್ಲ. ಕೆಳಗೆ ಬೆಚ್ಚನೆಯ ಬೂದಿ, ಅದರಡಿ ಕಾದು ಕೂತ ನೆಲ.

ಇಂದಿಗೂ ಆ ಕುಲದ ಪೈನ್, ನಿನ್ನ ಕೈಯಲ್ಲಿರುವ ಕಾಯಿಯ ಹಾಗೆ, ಯಾರು ಎಳೆದರೂ ಬಿಚ್ಚದೆ ವರ್ಷಗಟ್ಟಲೆ ಕಾಯುತ್ತದೆ. ಬೆಂಕಿ ಬಂದ ದಿನ, ತಾನು ಉರಿಯುತ್ತಲೇ ಮುಷ್ಟಿ ಬಿಚ್ಚಿ, ನೆಲದ ಪಾಲನ್ನು ನೆಲಕ್ಕೆ ಕೊಡುತ್ತದೆ.